‘ಒಟ್ಟಾರೆ ಹಿಂದಿದ್ದಾನೆ’ ಎಂದು ಶಾಲೆ ಹೇಳಿದರೆ ಕಾಯಬೇಕೇ, ತಪಾಸಣೆ ಮಾಡಿಸಬೇಕೇ?

ಎರಡನೇ ತರಗತಿಯ ತಾಯಿ

ಏಳೂವರೆ ವರ್ಷದ ಮಗ ಕಲಿಕೆಯಲ್ಲಿ ಹಿಂದಿದ್ದಾನೆ ಎಂದು ಶಾಲೆಯವರು ಹೇಳಿದ್ದಾರೆ. ಯಾವುದರಲ್ಲಿ ಹಿಂದೆ, ಎಷ್ಟು ಹಿಂದೆ ಎಂದು ಕೇಳಿದರೆ ‘ಒಟ್ಟಾರೆ’ ಎಂಬ ಉತ್ತರ ಬರುತ್ತದೆ. ಆದ್ದರಿಂದ ನಾನೇ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಥೆ ಓದಿ ಹೇಳಿದರೆ ಗಮನವಿಟ್ಟು ಕೇಳುತ್ತಾನೆ, ಪಾತ್ರ ಹಾಗೇಕೆ ನಡೆದುಕೊಂಡಿತು ಎಂದು ಕೇಳಿದರೆ ಯೋಚಿಸಿ ಸರಿಯಾಗಿ ಹೇಳುತ್ತಾನೆ. ಅದೇ ಕಥೆಯನ್ನು ತಾನೇ ಓದಬೇಕಾದಾಗ ಒಂದೊಂದೇ ಅಕ್ಷರವನ್ನು ಬಿಡಿಸಿಕೊಂಡು ಹೋಗಿ, ಸಾಲು ಮುಗಿಯುವಷ್ಟರಲ್ಲಿ ಅದರ ಮೊದಲ ಪದವನ್ನು ಮರೆತಿರುತ್ತಾನೆ. ಒತ್ತಕ್ಷರ ಬಂದರೆ ನಿಂತೇಬಿಡುತ್ತಾನೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಇನ್ನೂ ನೆರವು ಬೇಕು. ‘ಚೀಲ ಒಳಗಿಡು, ಕೈ ತೊಳೆದುಕೊ, ಪುಸ್ತಕ ತೆಗೆದುಕೊಂಡು ಬಾ’ ಎಂದರೆ ಪುಸ್ತಕ ಮಾತ್ರ ಬರುತ್ತದೆ, ಉಳಿದೆರಡು ಕೆಲಸ ಆಗಿರುವುದಿಲ್ಲ.

ಮನೆಯ ಹಿರಿಯರು ಗಂಡುಮಕ್ಕಳು ತಡವಾಗಿ ಹಿಡಿತಕ್ಕೆ ಬರುತ್ತಾರೆ, ಸುಮ್ಮನಿರು ಎನ್ನುತ್ತಾರೆ. ಕಾಯುವುದರಿಂದ ನಷ್ಟವಿದೆಯೇ? ಇಲ್ಲವಾದರೆ ಮೊದಲು ಯಾರ ಬಳಿಗೆ ಹೋಗಬೇಕು?

ಇಬ್ಬರು ಮಕ್ಕಳ ತಂದೆ

ನಮ್ಮ ಹಿರಿಯ ಮಗಳೂ ಎರಡನೇ ತರಗತಿಯಲ್ಲಿ ಹೀಗೆಯೇ ತಡವರಿಸುತ್ತಿದ್ದಳು, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಎಲ್ಲವೂ ತಾನಾಗಿಯೇ ಸರಿಹೋಯಿತು. ಮಗುವನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಡಿಸಿ ಹೆದರಿಸುವುದಕ್ಕಿಂತ ಒಂದು ವರ್ಷ ತಾಳ್ಮೆಯಿಂದ ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪ್ರಾಥಮಿಕ ಶಾಲಾ ಶಿಕ್ಷಕಿ

ಸರ್, ನಿಮ್ಮ ಮಗಳ ವಿಷಯ ಕೇಳಿ ಸಂತೋಷವಾಯಿತು. ಆದರೆ ತಾನಾಗಿಯೇ ಸರಿಹೋಗುವ ಮಗು ಯಾವುದು, ಹಾಗೆ ಸರಿಹೋಗದ ಮಗು ಯಾವುದು ಎಂಬುದು ಎರಡನೇ ತರಗತಿಯಲ್ಲಿ ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಇಬ್ಬರೂ ಒಂದೇ ರೀತಿ ತಡವರಿಸುತ್ತಾರೆ. ಕಾಯುವ ಒಂದು ವರ್ಷದಲ್ಲಿ ಪಠ್ಯ ನಿಂತು ಕಾಯುವುದಿಲ್ಲ. ಮೂರನೇ ತರಗತಿಯ ನಂತರ ಓದಲು ಕಲಿಯುವುದು ಹಿಂದೆ ಸರಿದು, ಓದಿನ ಮೂಲಕ ಬೇರೆ ವಿಷಯಗಳನ್ನು ಕಲಿಯುವುದು ಮುಂದೆ ಬರುತ್ತದೆ, ಆಗ ಓದಿನ ತೊಡಕು ವಿಜ್ಞಾನ, ಸಮಾಜ, ಗಣಿತದ ವಾಕ್ಯರೂಪದ ಲೆಕ್ಕಗಳು ಎಲ್ಲಕ್ಕೂ ಹಬ್ಬುತ್ತದೆ.

ತಾಯಿಯವರಿಗೆ ನನ್ನ ಸಲಹೆ: ‘ಒಟ್ಟಾರೆ’ ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಅದು ನಮ್ಮ ಶಿಕ್ಷಕ ವೃತ್ತಿಯ ಸೋಮಾರಿ ಉತ್ತರ. ತರಗತಿಯಲ್ಲಿ ಅವನು ಬರೆದ ಪುಸ್ತಕಗಳನ್ನು ಕೇಳಿ ಪಡೆದು, ತಿಂಗಳ ಹಿಂದಿನ ಬರಹವನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಗು ಎಲ್ಲಿದೆ ಎಂಬುದಕ್ಕಿಂತ ಎಷ್ಟು ಚಲಿಸಿದೆ ಎಂಬುದು ಹೆಚ್ಚು ಹೇಳುತ್ತದೆ. ಜೊತೆಗೆ ತರಗತಿಯಲ್ಲಿ ಅವನ ವಯಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿ. ಒಂದೇ ತರಗತಿಯ ಅತಿ ಹಿರಿಯ ಮತ್ತು ಅತಿ ಕಿರಿಯ ಮಕ್ಕಳ ನಡುವೆ ಸುಮಾರು ಒಂದು ವರ್ಷದ ಅಂತರವಿರುತ್ತದೆ, ಅತಿ ಕಿರಿಯರಿಗೆ ಗಮನದ ಕೊರತೆಯ ಹಣೆಪಟ್ಟಿ ಹೆಚ್ಚಾಗಿ ಬೀಳುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ.

ವಾಕ್-ಶ್ರವಣ ತಜ್ಞೆ

ಮೊದಲು ಕಿವಿ ಮತ್ತು ಕಣ್ಣು. ಉಳಿದುದೆಲ್ಲ ಆಮೇಲೆ.

ಇದನ್ನು ಎಷ್ಟು ಸಲ ಹೇಳಿದರೂ ಜನ ನೇರವಾಗಿ ಬುದ್ಧಿಮತ್ತೆಯ ಪರೀಕ್ಷೆಗೆ ಹೋಗುತ್ತಾರೆ. ಶೀತ, ಅಲರ್ಜಿ ಪದೇ ಪದೇ ಬರುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ಸೇರಿಕೊಂಡು ಕೇಳಿಸುವಿಕೆ ಕೆಲವು ವಾರ ಕುಗ್ಗುತ್ತದೆ, ಮತ್ತೆ ಸರಿಯಾಗುತ್ತದೆ, ಮತ್ತೆ ಕುಗ್ಗುತ್ತದೆ. ನೋವಿರುವುದಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಮನೆಯಲ್ಲಿ ಎದುರು ನಿಂತು ಮಾತಾಡಿದಾಗ ಮಗು ಉತ್ತರಿಸುತ್ತದೆ; ಗದ್ದಲದ ತರಗತಿಯಲ್ಲಿ, ಬೋರ್ಡಿನ ಕಡೆ ತಿರುಗಿ ಶಿಕ್ಷಕರು ಹೇಳಿದ ಮಾತಿನ ಅರ್ಧವಷ್ಟೇ ಅದಕ್ಕೆ ತಲಪುತ್ತದೆ. ಆದ್ದರಿಂದ ಕೈತಟ್ಟಿದರೆ ತಿರುಗಿ ನೋಡುತ್ತಾನೆ ಎಂಬುದನ್ನು ಶ್ರವಣ ಪರೀಕ್ಷೆ ಎಂದು ಭಾವಿಸಬಾರದು. ಪ್ರತಿ ಕಿವಿಗೂ ಬೇರೆ ಬೇರೆ ಸ್ವರಮಟ್ಟದಲ್ಲಿ ಆಡಿಯೋಮೆಟ್ರಿ, ತಮಟೆಯ ಚಲನೆ ನೋಡುವ ಟಿಂಪನೊಮೆಟ್ರಿ ಎರಡೂ ಆಗಲಿ.

ಕೇಳಿಸುವಿಕೆ ಸರಿಯಿದ್ದರೆ ಮುಂದಿನ ಪ್ರಶ್ನೆ ಭಾಷೆಯದು. ಮೂರು ಸೂಚನೆಗಳಲ್ಲಿ ಕೊನೆಯದನ್ನು ಮಾತ್ರ ಪಾಲಿಸುವ ಮಗುವಿಗೆ ಗಮನ ನಿಲ್ಲದಿರಬಹುದು, ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲು ಆಗದಿರಬಹುದು, ವಾಕ್ಯವೇ ಪೂರ್ತಿ ಅರ್ಥವಾಗದಿರಬಹುದು. ಈ ಮೂರೂ ಹೊರಗಿನಿಂದ ‘ಮಾತು ಕೇಳುವುದಿಲ್ಲ’ ಎಂದೇ ಕಾಣುತ್ತವೆ. ಬೆಳವಣಿಗೆಯ ಭಾಷಾ ತೊಂದರೆ ಸುಮಾರು ನೂರಕ್ಕೆ 7 ಮಕ್ಕಳಲ್ಲಿ, ಅಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರಲ್ಲಿ ಇರುತ್ತದೆ. ಆಟಿಸಂನಷ್ಟು ಇದು ಜನರಿಗೆ ಪರಿಚಿತವಲ್ಲ. ಉಚ್ಚಾರಣೆ ಸ್ಪಷ್ಟವಾಗಿರುವುದರಿಂದ ಭಾಷೆಯಲ್ಲಿ ತೊಂದರೆಯಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಕುತೂಹಲಿ

ಇದು ಎಡಿಎಚ್‌ಡಿಯ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯ, ನೇರ ಲಕ್ಷಣವಲ್ಲವೇ? ನನ್ನ ಸಹೋದ್ಯೋಗಿಯ ಮಗನಿಗೂ ಇದೇ ಇತ್ತು.

ಮಕ್ಕಳ ವೈದ್ಯ

ಒಂದು ಪರಿಚ್ಛೇದ ಓದಿ ಎಡಿಎಚ್‌ಡಿ ಎಂದು ಹೇಳಲು ಬರುವುದಿಲ್ಲ. ಆ ನಿರ್ಣಯಕ್ಕೆ ಲಕ್ಷಣಗಳು ಕನಿಷ್ಠ ಆರು ತಿಂಗಳಿನಿಂದ ಇರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಗಳಲ್ಲಾದರೂ ಕಾಣಬೇಕು, ಹನ್ನೆರಡು ವರ್ಷಕ್ಕೆ ಮುಂಚೆ ಶುರುವಾಗಿರಬೇಕು, ಮತ್ತು ಬೇರೆ ಕಾರಣದಿಂದ ವಿವರಿಸಲು ಆಗುವಂತಿರಬಾರದು. ಕೊನೆಯ ಷರತ್ತನ್ನೇ ಎಲ್ಲರೂ ಮರೆಯುತ್ತಾರೆ. ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಊದಿಕೊಂಡು ರಾತ್ರಿ ಗೊರಕೆ ಹೊಡೆಯುತ್ತ, ನಿದ್ರೆ ತುಂಡಾಗುವ ಮಗು ಹಗಲಿನಲ್ಲಿ ತೂಕಡಿಸುವ ಬದಲು ಚಡಪಡಿಸುತ್ತದೆ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ಕೊರತೆ ಎರಡೂ ಗಮನವನ್ನು ಕುಗ್ಗಿಸುತ್ತವೆ. ಇನ್ನೊಂದು ಕಾರಣವನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು: ಮಾತಿನ ಮಧ್ಯೆ ಹತ್ತು ಸೆಕೆಂಡಿನಷ್ಟು ಕಾಲ ಮಗು ಶೂನ್ಯದತ್ತ ನೋಡಿ, ಹೆಸರು ಕರೆದರೂ ಮುಟ್ಟಿದರೂ ಎಚ್ಚರಗೊಳ್ಳದೆ, ಆಮೇಲೆ ಏನೂ ಆಗದಂತೆ ಕೆಲಸ ಮುಂದುವರಿಸಿದರೆ ಅದು ಹಗಲುಗನಸಲ್ಲದೆ ‘ಆಬ್ಸೆನ್ಸ್’ ಎಂಬ ಬಗೆಯ ಮೂರ್ಛೆ ಆಗಿರಬಹುದು. ದಿನಕ್ಕೆ ಹತ್ತಾರು ಸಲ ಹೀಗಾದರೆ ಪಾಠದಲ್ಲಿ ತೂತುಗಳು ಬೀಳುತ್ತವೆ. ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ, ಔಷಧಿಯೂ ಇದೆ.

ಕಾಯಬಾರದ ಸಂದರ್ಭಗಳು ಕೆಲವಿವೆ. ಬರುತ್ತಿದ್ದ ಮಾತು, ಓದು, ನಡಿಗೆ ಅಥವಾ ಶೌಚದ ಹಿಡಿತ ಕಳೆದುಹೋಗುತ್ತಿದ್ದರೆ ಅದನ್ನು ವಿಳಂಬವೆಂದು ಕರೆಯಲಾಗದು. ಅದು ಹಿಂಜರಿತ, ವಾರಗಳೊಳಗೆ ವೈದ್ಯರು ನೋಡಬೇಕು. ಗಂಡುಮಗು ಪದೇ ಪದೇ ಬೀಳುತ್ತಿದ್ದರೆ, ಮೆಟ್ಟಿಲು ಹತ್ತಲು ಕಷ್ಟಪಡುತ್ತಿದ್ದರೆ, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆಯೇ ಕೈಯೂರಿಕೊಂಡು ಏಳುತ್ತಿದ್ದರೆ ಸ್ನಾಯುಕ್ಷಯದ ಅನುಮಾನಕ್ಕೆ ಕ್ರಿಯಾಟಿನ್ ಕೈನೇಸ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಮೇಲಿನ ಮಗುವಿನ ವಿವರಣೆಯಲ್ಲಿ ಇವು ಯಾವುವೂ ಇಲ್ಲ, ಆದ್ದರಿಂದ ಗಾಬರಿ ಬೇಡ.

ಹೆಣ್ಣುಮಗುವಿನ ತಾಯಿ

ಗಂಡುಮಕ್ಕಳ ಚೇಷ್ಟೆಯಾದರೂ ಯಾರ ಕಣ್ಣಿಗಾದರೂ ಬೀಳುತ್ತದೆ. ಕಿಟಕಿಯ ಪಕ್ಕ ಸುಮ್ಮನೆ ಕೂತು, ಯಾರಿಗೂ ತೊಂದರೆ ಕೊಡದೆ, ಏನನ್ನೂ ಕಲಿಯದೆ ವರ್ಷ ಕಳೆಯುವ ಹುಡುಗಿಗೆ ಅಂಕಪಟ್ಟಿಯಲ್ಲಿ ‘ಉತ್ತಮ ನಡತೆ’ ಎಂದು ಬರೆದು ಕಳಿಸುತ್ತಾರೆ.

ಬರಹಾಭ್ಯಾಸಿ

ಅಕ್ಷರಗಳನ್ನು ತಿರುಗಿಸಿ ಬರೆಯುತ್ತಾನೆಯೇ ಎಂದು ನೋಡಿ. ಕನ್ನಡಿಯ ಪ್ರತಿಬಿಂಬದಂತೆ ಬರೆದರೆ ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವುದರಲ್ಲಿನ ತೊಡಕು, ಖಚಿತ.

ವಿಶೇಷ ಶಿಕ್ಷಕ

ಖಚಿತವಲ್ಲ, ಈ ನಂಬಿಕೆ ಸುಮಾರು ನೂರು ವರ್ಷದಷ್ಟು ಹಳೆಯದು. 1925ರಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ಅಮೆರಿಕನ್ ವೈದ್ಯ ಓದಿನ ತೊಡಕಿಗೆ ಅಕ್ಷರ ತಿರುಗುಮುರುಗಾಗಿ ಕಾಣುವುದು ಕಾರಣವೆಂದು ವಾದಿಸಿದರು. ನಂತರದ ಸಂಶೋಧನೆ ಆ ವಾದವನ್ನು ಬಿಟ್ಟು ಮುಂದೆ ಸಾಗಿದೆ. ಅಕ್ಷರ ತಿರುಗಿಸುವುದು ಏಳು ವರ್ಷದವರೆಗೆ ಹೆಚ್ಚಿನ ಮಕ್ಕಳಲ್ಲಿ ಕಾಣುವ ಸಂಗತಿ. ಡಿಸ್ಲೆಕ್ಸಿಯಾ ಇರುವ ಬಹಳಷ್ಟು ಮಕ್ಕಳಲ್ಲಿ ತೊಡಕಿರುವುದು ಕಣ್ಣಿನಲ್ಲಲ್ಲ, ಪದದೊಳಗಿನ ಧ್ವನಿಗಳನ್ನು ಬಿಡಿಸಿ, ಮತ್ತೆ ಜೋಡಿಸಿ, ಬರೆದ ಅಕ್ಷರಕ್ಕೆ ವೇಗವಾಗಿ ಹೊಂದಿಸುವುದರಲ್ಲಿ. ‘ಮರ’ ಎಂಬುದರಲ್ಲಿ ಮೊದಲ ಧ್ವನಿ ತೆಗೆದರೆ ಏನು ಉಳಿಯುತ್ತದೆ, ‘ಕಲ್ಲು’ ಎಂಬುದಕ್ಕೆ ಪ್ರಾಸ ಯಾವುದು ಎಂಬ ಆಟಗಳಲ್ಲಿ ಸೋಲುವ ಮಗು, ಪರಿಚಿತ ವಸ್ತುಗಳ ಚಿತ್ರಗಳನ್ನು ಸಾಲಾಗಿ ತೋರಿಸಿದಾಗ ಹೆಸರು ಹೇಳಲು ಬಹಳ ಹೊತ್ತು ತೆಗೆದುಕೊಳ್ಳುವ ಮಗು, ಇವರ ಕಡೆಗೆ ಗಮನ ಹರಿಸಬೇಕು.

ಒತ್ತಕ್ಷರದ ವಿಷಯದಲ್ಲಿ ಮಾತ್ರ ಅವಸರದ ತೀರ್ಮಾನ ಬೇಡ. ಇಪ್ಪತ್ತಾರು ಅಕ್ಷರಗಳ ಲಿಪಿಗೂ, ಕಾಗುಣಿತ ಮತ್ತು ಒತ್ತು ಸೇರಿ ನೂರಾರು ರೂಪಗಳಿರುವ ನಮ್ಮ ಲಿಪಿಗೂ ಕಲಿಕೆಯ ಅವಧಿ ಒಂದೇ ಅಲ್ಲ. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಇವುಗಳ ಮೇಲೆ ಪೂರ್ತಿ ಹಿಡಿತ ಸಿಗಲು ಮೂರು ನಾಲ್ಕು ವರ್ಷ ಬೇಕಾಗುತ್ತದೆ. ಆದ್ದರಿಂದ ಎರಡನೇ ತರಗತಿಯಲ್ಲಿ ‘ಸ್ತ್ರ’ ಎಂಬಲ್ಲಿ ನಿಂತರೆ ಚಿಂತೆಯಿಲ್ಲ. ಒತ್ತಿಲ್ಲದ ಮೂರಕ್ಷರದ ಪದವನ್ನೂ ದಿನವೂ ಹೊಸದಾಗಿ ಬಿಡಿಸಿಕೊಳ್ಳಬೇಕಾಗಿ ಬಂದರೆ ಚಿಂತಿಸಬೇಕು. ತಾಯಿಯವರೇ, ನಿಮ್ಮ ಮಗ ಇದರಲ್ಲಿ ಯಾವ ಕಡೆ?

ಎರಡನೇ ತರಗತಿಯ ತಾಯಿ

ಎರಡನೆಯ ಕಡೆ ಎನ್ನಿಸುತ್ತದೆ. ನಿನ್ನೆ ಸರಿಯಾಗಿ ಓದಿದ ‘ಬಾಗಿಲು’ ಇಂದು ಹೊಸ ಪದವಾಗಿರುತ್ತದೆ. ಇನ್ನೊಂದು ಪ್ರಶ್ನೆ: ಮನೆಯಲ್ಲಿ ಎರಡು ಭಾಷೆ, ಶಾಲೆಯಲ್ಲಿ ಮೂರನೆಯದು. ಒಂದನ್ನು ಬಿಡುವುದು ಒಳ್ಳೆಯದೆಂದು ಶಾಲೆಯವರು ಸೂಚಿಸಿದ್ದಾರೆ.

ವಾಕ್-ಶ್ರವಣ ತಜ್ಞೆ

ಬಿಡಬೇಡಿ. ಒಂದಕ್ಕಿಂತ ಹೆಚ್ಚು ಭಾಷೆ ಕೇಳಿ ಬೆಳೆಯುವುದು ಭಾಷಾ ತೊಂದರೆಗೆ ಕಾರಣವಲ್ಲ. ನಿಜವಾದ ಭಾಷಾ ತೊಂದರೆ ಮಗುವಿನ ಎಲ್ಲ ಭಾಷೆಗಳಲ್ಲೂ ಕಾಣುತ್ತದೆ. ಶಾಲೆಯ ಭಾಷೆಯಲ್ಲಿ ಮಾತ್ರ ಕಂಡರೆ ಆ ಭಾಷೆಯ ಪರಿಚಯ ಸಾಲದೆಂದು ಅರ್ಥ. ಆದ್ದರಿಂದ ತಪಾಸಣೆಯ ದಿನ ಮನೆಮಾತಿನಲ್ಲಿ ಅವನು ಏನೆಲ್ಲ ಹೇಳಬಲ್ಲ ಎಂಬುದನ್ನು ನೀವೇ ಒತ್ತಿ ಹೇಳಬೇಕು. ತಾಯಿ ತನಗೆ ಸಲೀಸಾದ ಮಾತನ್ನು ಬಿಟ್ಟು, ತಡವರಿಸುತ್ತ ಇನ್ನೊಂದು ಭಾಷೆಯಲ್ಲಿ ಮಾತಾಡತೊಡಗಿದರೆ ಮಗುವಿಗೆ ಸಿಗುವ ಮಾತಿನ ಪ್ರಮಾಣವೂ ಗುಣವೂ ಕುಗ್ಗುತ್ತವೆ.

ನಿವೃತ್ತ ಮುಖ್ಯೋಪಾಧ್ಯಾಯ

ನಾನು ಒಂದು ಮಾತು ಹೇಳಲೇಬೇಕು, ಯಾರೂ ಬೇಸರಿಸಬಾರದು. ನಮ್ಮ ಕಾಲದಲ್ಲಿ ಇಷ್ಟೊಂದು ಹೆಸರುಗಳಿರಲಿಲ್ಲ. ಒಂದು ಮಗು ನಿಧಾನ, ಒಂದು ಚುರುಕು, ಅಷ್ಟೇ. ಈಗ ಪ್ರತಿಯೊಂದಕ್ಕೂ ಒಂದು ಕಾಯಿಲೆಯ ಹೆಸರಿಟ್ಟು ಕಾಗದ ಕೊಡುತ್ತಾರೆ, ಆ ಕಾಗದ ಹತ್ತು ವರ್ಷ ಮಗುವಿನ ಬೆನ್ನು ಬಿಡುವುದಿಲ್ಲ. ಹೆಸರು ಸಿಕ್ಕಿದ ಮೇಲೆ ಶಿಕ್ಷಕರು ಕಲಿಸುವ ಪ್ರಯತ್ನವನ್ನೇ ಕೈಬಿಡುವುದನ್ನು ನಾನು ನೋಡಿದ್ದೇನೆ.

ಡಿಸ್ಲೆಕ್ಸಿಯಾ ಇರುವ ಎಂಜಿನಿಯರ್

ಗುರುಗಳೇ, ಹೆಸರುಗಳು ಆಗಲೂ ಇದ್ದವು: ದಡ್ಡ, ಸೋಮಾರಿ, ಉದಾಸೀನ. ಅವುಗಳಿಗೆ ಕಾಗದ ಬೇಕಾಗಿರಲಿಲ್ಲ. ನನಗೆ ಕಾಲೇಜಿಗೆ ಬಂದ ಮೇಲೆ ತಪಾಸಣೆಯಾಯಿತು. ಈಗಲೂ ನಾನು ನಿಧಾನವಾಗಿಯೇ ಓದುತ್ತೇನೆ, ಉದ್ದದ ಕಡತಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ಮೂಲಕ ಕೇಳಿಸಿಕೊಳ್ಳುತ್ತೇನೆ. ವರದಿಯಿಂದ ನನ್ನ ಓದು ಬದಲಾಗಲಿಲ್ಲ. ಬದಲಾದದ್ದು ನಾನು ಯಾವುದಕ್ಕೆ ಶ್ರಮ ಹಾಕಬೇಕು, ಯಾವುದಕ್ಕೆ ಸಾಧನ ಬಳಸಬೇಕು ಎಂಬ ಲೆಕ್ಕ. ಆದರೆ ನಿಮ್ಮ ಕೊನೆಯ ವಾಕ್ಯವನ್ನು ನಾನು ಒಪ್ಪುತ್ತೇನೆ, ಕಲಿಸುವುದನ್ನು ನಿಲ್ಲಿಸಲು ವರದಿಯನ್ನು ನೆಪವಾಗಿಸಿಕೊಳ್ಳುವ ಶಾಲೆಗಳಿವೆ.

ಚಿಕಿತ್ಸಾ ಮನಃಶಾಸ್ತ್ರಜ್ಞೆ

ಇಬ್ಬರ ಮಾತಿಗೂ ಸೇರಿಸುತ್ತೇನೆ. ಬುದ್ಧಿಮತ್ತೆಯ ಅಳತೆಗೋಲನ್ನು ಆಲ್‌ಫ್ರೆಡ್ ಬಿನೆ 1905ರಲ್ಲಿ ತಿಯೊಡೋರ್ ಸಿಮೋನ್ ಜೊತೆಗೂಡಿ ಪ್ಯಾರಿಸ್‌ನಲ್ಲಿ ರೂಪಿಸಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ. ಬುದ್ಧಿ ಬದಲಾಗದ ಗಾತ್ರವೆಂಬ ವಾದವನ್ನು ಅವರು ಸ್ವತಃ ವಿರೋಧಿಸಿದ್ದರು. ಆ ಅಳತೆಯೇ ಮುಂದೆ ಮಕ್ಕಳನ್ನು ಹೊರಗಿಡುವ ಸಾಧನವಾಯಿತೆಂಬುದು ಬೇರೆ ಕಥೆ, ಮುಖ್ಯೋಪಾಧ್ಯಾಯರ ಆತಂಕಕ್ಕೆ ಚರಿತ್ರೆಯ ಆಧಾರವಿಲ್ಲದೆ ಇಲ್ಲ.

ತಪಾಸಣೆಯಲ್ಲಿ ಏನಾಗುತ್ತದೆ ಎಂದು ತಿಳಿದರೆ ಭಯ ಕಡಿಮೆಯಾಗುತ್ತದೆ. ಐದು ವರ್ಷದೊಳಗಿನ ಮಗು ಹಲವು ಕ್ಷೇತ್ರಗಳಲ್ಲಿ ಹಿಂದಿದ್ದರೆ ‘ಸಮಗ್ರ ಬೆಳವಣಿಗೆಯ ವಿಳಂಬ’ ಎಂಬ ತಾತ್ಕಾಲಿಕ ಹೆಸರು ಕೊಡುತ್ತಾರೆ, ಏಕೆಂದರೆ ಆ ವಯಸ್ಸಿನಲ್ಲಿ ನಂಬಬಹುದಾದ ಅಳತೆ ಕಷ್ಟ. ಶಾಲಾ ವಯಸ್ಸಿಗೆ ಬಂದ ಮೇಲೆ ಆ ಹೆಸರಿನಲ್ಲೇ ಉಳಿಯುವುದು ಸರಿಯಲ್ಲ. ಯಾವ ಕ್ಷೇತ್ರ, ಎಷ್ಟು, ಏಕೆ ಎಂದು ಬಿಡಿಸಿ ನೋಡಬೇಕು. ಬೌದ್ಧಿಕ ನ್ಯೂನತೆ ಎಂದು ಹೇಳಲು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಸಾಲದು, ಸ್ನಾನ, ಉಡುಪು, ಹಣ, ಸಮಯ, ಗೆಳೆತನ ಮುಂತಾದ ದೈನಂದಿನ ಬಾಳ್ವೆಯ ಸಾಮರ್ಥ್ಯವೂ ವಯಸ್ಸಿಗಿಂತ ಬಹಳ ಹಿಂದಿರಬೇಕು. ಕಲಿಕಾ ನ್ಯೂನತೆಯಲ್ಲಿ ಹಾಗಲ್ಲ: ಓದು, ಬರಹ ಅಥವಾ ಗಣಿತ ಎಂಬ ನಿರ್ದಿಷ್ಟ ಜಾಗದಲ್ಲಿ ತೊಡಕಿರುತ್ತದೆ. ಬೇರೆ ಬೇರೆ ಭಾಷೆ, ಸಂಸ್ಕೃತಿಗಳಲ್ಲಿ ಶಾಲಾ ಮಕ್ಕಳ ಪೈಕಿ ನೂರಕ್ಕೆ 5ರಿಂದ 15ರಷ್ಟು ಮಂದಿಗೆ ಇದಿರುವ ಅಂದಾಜಿದೆ.

ಈಗ ಕಾಯಬೇಕೇ ಎಂಬ ಮೂಲ ಪ್ರಶ್ನೆಗೆ. ಕಲಿಕಾ ನ್ಯೂನತೆಯ ನಿರ್ಣಯಕ್ಕೆ ಈಗ ಬಳಕೆಯಲ್ಲಿರುವ ಮಾನದಂಡವೇ ಹೇಳುವುದೇನೆಂದರೆ, ಆ ತೊಡಕಿಗೆಂದೇ ನೆರವು ಕೊಟ್ಟ ಮೇಲೂ ಅದು ಕನಿಷ್ಠ ಆರು ತಿಂಗಳು ಉಳಿದಿರಬೇಕು. ಅಂದರೆ ನೆರವು ಶುರುವಾಗಲು ನಿರ್ಣಯ ಬರಲೆಂದು ಕಾಯುವುದು ತಲೆಕೆಳಗಾದ ಕ್ರಮ. ಇಂದೇ ನೆರವು ಕೊಡಿ, ಫಲಿತಾಂಶವನ್ನು ಬರೆದಿಡಿ. ಸರಿಹೋದರೆ ತಪಾಸಣೆಯ ಅಗತ್ಯವೇ ಬೀಳದಿರಬಹುದು, ಸರಿಹೋಗದಿದ್ದರೆ ನೀವು ಬರೆದಿಟ್ಟದ್ದೇ ತಪಾಸಣೆಯ ಅತ್ಯಂತ ಉಪಯುಕ್ತ ಪುಟವಾಗುತ್ತದೆ.

ಇಬ್ಬರು ಮಕ್ಕಳ ತಂದೆ

ಹಾಗೆ ನೋಡಿದರೆ ನಮ್ಮ ಮಗಳಿಗೂ ಅವಳ ಸೋದರತ್ತೆ ಪ್ರತಿ ಸಂಜೆ ಕೂರಿಸಿಕೊಂಡು ಓದಿಸುತ್ತಿದ್ದರು. ಅದನ್ನು ‘ತಾನಾಗಿಯೇ’ ಎಂಬುದರಲ್ಲಿ ಸೇರಿಸಬಹುದೋ ಇಲ್ಲವೋ ನೀವೇ ಹೇಳಿ.

ಪ್ರಾಥಮಿಕ ಶಾಲಾ ಶಿಕ್ಷಕಿ

ಖಂಡಿತ ಸೇರಿಸಲಾಗದು ಸರ್. ಆ ಸೋದರತ್ತೆಗೆ ಸಂಬಳ ಬಾಕಿಯಿದೆ.

ಆಕ್ಯುಪೇಷನಲ್ ಥೆರಪಿಸ್ಟ್

ಗುಂಡಿಯ ಮಾತನ್ನು ಎಲ್ಲರೂ ದಾಟಿ ಹೋದಿರಿ. ಏಳೂವರೆಯಲ್ಲಿ ಗುಂಡಿ ಕಷ್ಟ, ಪೆನ್ಸಿಲನ್ನು ಅತಿಯಾಗಿ ಒತ್ತಿ ಹಿಡಿಯುವುದು, ಚೆಂಡು ಹಿಡಿಯಲಾಗದಿರುವುದು, ನಡೆದಲ್ಲೆಲ್ಲ ಎಡವುವುದು ಇವು ಒಟ್ಟಿಗಿದ್ದರೆ ಚಲನೆಯ ಹೊಂದಾಣಿಕೆಯ ತೊಂದರೆಯನ್ನು, ಅಂದರೆ ಡಿಸ್ಪ್ರಾಕ್ಸಿಯಾ ಎಂದು ಕರೆಯುವುದನ್ನು ಯೋಚಿಸಬೇಕು. ಐದರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಇದು ನೂರಕ್ಕೆ 5ರಿಂದ 6 ಮಂದಿಯಲ್ಲಿದೆ, ಓದಿನ ತೊಡಕು ಮತ್ತು ಎಡಿಎಚ್‌ಡಿಯ ಜೊತೆಜೊತೆಗೇ ಬರುವುದೂ ಸಾಮಾನ್ಯ. ಒಂದು ತೊಂದರೆ ಪತ್ತೆಯಾದ ಕೂಡಲೇ ಹುಡುಕಾಟ ನಿಲ್ಲಿಸಬಾರದೆಂಬುದಕ್ಕೆ ಇದೇ ಕಾರಣ.

ಇದಕ್ಕೆ ಫಲ ಕೊಡುವ ಅಭ್ಯಾಸ ನೇರವಾದದ್ದು: ಗುಂಡಿ ಬೇಕಿದ್ದರೆ ಗುಂಡಿಯನ್ನೇ ಕಲಿಸಬೇಕು. ದೊಡ್ಡ ಗುಂಡಿಯ ಅಂಗಿಯನ್ನು ಮೇಜಿನ ಮೇಲೆ ಹರಡಿ ಶುರುಮಾಡಿ, ಕೆಲಸವನ್ನು ಹಂತಗಳಾಗಿ ಒಡೆದು, ಕೊನೆಯ ಹಂತವನ್ನು ಮಗುವಿಗೆ ಬಿಟ್ಟುಕೊಡಿ. ಅದು ಕೈಗೆ ಕುದುರಿದ ಮೇಲೆ ಅದರ ಹಿಂದಿನ ಹಂತವನ್ನೂ ಬಿಟ್ಟುಕೊಡಿ. ಉಯ್ಯಾಲೆ ಆಡಿಸುವುದು, ಚರ್ಮದ ಮೇಲೆ ಬ್ರಷ್ ಉಜ್ಜುವುದು ಮುಂತಾದವನ್ನು ಮಾಡಿಸಿ, ಅದರಿಂದ ಬರಹ ತಾನಾಗಿ ಸುಧಾರಿಸುತ್ತದೆ ಎಂದು ಹೇಳುವವರಿದ್ದಾರೆ. ನನ್ನದೇ ವೃತ್ತಿಯವರ ಮೇಲೆ ಹೇಳುತ್ತಿದ್ದೇನೆ: ಅದಕ್ಕೆ ಆಧಾರ ತೀರ ತೆಳು.

ಹೊಸ ಸದಸ್ಯ

ಬಣ್ಣದ ಕನ್ನಡಕ ಹಾಕಿದರೆ ಓದು ಸುಧಾರಿಸುತ್ತದೆಯಂತೆ. ನಾವು ಮಾಡಿಸಿದ್ದೇವೆ, ಮಗಳಿಗೆ ವ್ಯತ್ಯಾಸ ಕಾಣುತ್ತಿದೆ.

ಮಕ್ಕಳ ವೈದ್ಯ

ಮಗಳಿಗೆ ಅದರಿಂದ ಹುಮ್ಮಸ್ಸು ಬಂದಿದ್ದರೆ ನಾನು ಕಸಿದುಕೊಳ್ಳಲು ಬರುವುದಿಲ್ಲ. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನೇತ್ರತಜ್ಞರ ಸಂಘಟನೆಗಳ ಜೊತೆ ಸೇರಿ 2009ರಲ್ಲೇ ಹೇಳಿಕೆ ಹೊರಡಿಸಿ, ಬಣ್ಣದ ಮಸೂರಗಳು ಮತ್ತು ಕಣ್ಣಿನ ವ್ಯಾಯಾಮಗಳಿಂದ ಕಲಿಕಾ ನ್ಯೂನತೆ ಗುಣವಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದಿದೆ. ದೃಷ್ಟಿದೋಷವಿದ್ದರೆ ಅದಕ್ಕೆ ಮಾಮೂಲಿ ಕನ್ನಡಕ ಬೇಕು, ಅದು ಬೇರೆ ಮಾತು. ಇವುಗಳ ದೊಡ್ಡ ಹಾನಿ ಹಣದ್ದಲ್ಲ. ಓದು ಕಲಿಸಬಹುದಾಗಿದ್ದ ತಿಂಗಳುಗಳು ಅವುಗಳ ಹಿಂದೆ ಕಳೆದುಹೋಗುತ್ತವೆ.

ಹೊಸ ಸದಸ್ಯ

ಆಧಾರವಿಲ್ಲ ಎಂದರೆ ಪರಿಣಾಮವಿಲ್ಲ ಎಂದು ಅರ್ಥವೇ? ಕಣ್ಣಾರೆ ಕಂಡದ್ದನ್ನು ನಂಬಬಾರದೇ?

ವಿಶೇಷ ಶಿಕ್ಷಕ

ನಂಬಿ, ಆದರೆ ಪರೀಕ್ಷಿಸಿ ನಂಬಿ. ಒಂದೇ ಕಷ್ಟದ, ಮೊದಲು ಓದಿರದ ಎರಡು ಪುಟಗಳನ್ನು ತೆಗೆದುಕೊಂಡು, ಒಂದನ್ನು ಕನ್ನಡಕ ಹಾಕಿ, ಇನ್ನೊಂದನ್ನು ಹಾಕದೆ ಓದಿಸಿ. ನಿಮಿಷಕ್ಕೆ ಸರಿಯಾಗಿ ಓದಿದ ಪದಗಳನ್ನು ಎಣಿಸಿ. ಬೇರೆ ಬೇರೆ ದಿನ, ಕ್ರಮವನ್ನು ಅದಲುಬದಲು ಮಾಡಿ ಹಾಗೆಯೇ ನೋಡಿ. ನನ್ನ ಪಾಠಕ್ಕೂ ನಾನು ಇದೇ ಅಳತೆಯನ್ನು ಹಾಕಿಕೊಳ್ಳುತ್ತೇನೆ: ಆರೆಂಟು ವಾರದಲ್ಲಿ ಗೆರೆ ಮೇಲೇರದಿದ್ದರೆ ವಿಧಾನವನ್ನು ಬದಲಿಸುತ್ತೇನೆ, ಮಗುವನ್ನು ದೂರುವುದಿಲ್ಲ.

ಎರಡನೇ ತರಗತಿಯ ತಾಯಿ

ಶಾಲೆಯವರು ಇನ್ನೊಂದು ದಾರಿಯನ್ನೂ ಸೂಚಿಸಿದ್ದಾರೆ. ಮತ್ತೊಂದು ವರ್ಷ ಎರಡನೇ ತರಗತಿಯಲ್ಲೇ ಕೂರಿಸಿದರೆ ಬುನಾದಿ ಗಟ್ಟಿಯಾಗುತ್ತದೆಯಂತೆ. ಇದರ ಬಗ್ಗೆ ಏನು ಹೇಳುತ್ತೀರಿ?

ನಿವೃತ್ತ ಮುಖ್ಯೋಪಾಧ್ಯಾಯ

ಇದಕ್ಕೆ ನನ್ನ ಸಮ್ಮತಿಯಿದೆ. ಬುನಾದಿಯಿಲ್ಲದೆ ಮುಂದಿನ ತರಗತಿಗೆ ತಳ್ಳುವುದು ಮಗುವಿಗೆ ಮಾಡುವ ವಂಚನೆ.

ಪ್ರಾಥಮಿಕ ಶಾಲಾ ಶಿಕ್ಷಕಿ

ಸರ್, ಕಳೆದ ವರ್ಷ ಯಾವ ವಿಧಾನದಿಂದ ಕಲಿಯಲಿಲ್ಲವೋ ಅದೇ ವಿಧಾನವನ್ನು, ಅದೇ ಪುಸ್ತಕದಿಂದ, ಗೆಳೆಯರನ್ನು ಕಳೆದುಕೊಂಡ ಮಗುವಿಗೆ ಇನ್ನೊಮ್ಮೆ ಹೇಳಿದರೆ ಬುನಾದಿ ಎಲ್ಲಿಂದ ಬರುತ್ತದೆ? ಹಿಂದೆ ಉಳಿಸಿಕೊಂಡ ಮಕ್ಕಳಲ್ಲಿ ಮೊದಲ ವರ್ಷ ಕಾಣುವ ಸ್ವಲ್ಪ ಲಾಭ ನಂತರದ ವರ್ಷಗಳಲ್ಲಿ ಕರಗಿಹೋಗುತ್ತದೆಂದು ಬಹಳಷ್ಟು ಅಧ್ಯಯನಗಳು ಹೇಳುತ್ತವೆ. ನೀವು ತಳ್ಳಬಾರದು ಎನ್ನುವುದು ಸರಿ. ಆದರೆ ಉಳಿಸುವುದು, ತಳ್ಳುವುದು ಇವೆರಡೇ ದಾರಿಗಳೆಂಬಂತೆ ಮಾತಾಡುವುದು ಸರಿಯಲ್ಲ. ಮೂರನೇ ತರಗತಿಗೆ ಕಳಿಸಿ, ವಾರದಲ್ಲಿ ನಾಲ್ಕು ದಿನ ಅರ್ಧ ಗಂಟೆ ಇಬ್ಬರು ಮೂವರು ಮಕ್ಕಳ ಗುಂಪಿನಲ್ಲಿ ಧ್ವನಿ, ಅಕ್ಷರ, ಪದ, ವಾಕ್ಯ ಎಂಬ ಕ್ರಮದಲ್ಲಿ ಓದಿಸಬಹುದಲ್ಲವೇ?

ನಿವೃತ್ತ ಮುಖ್ಯೋಪಾಧ್ಯಾಯ

ಮಾಡಬಹುದು, ಅದನ್ನು ಮಾಡುವ ಕೈಗಳಿದ್ದರೆ. ಒಬ್ಬ ಶಿಕ್ಷಕರಿಗೆ ಐವತ್ತು ಮಕ್ಕಳಿರುವಲ್ಲಿ ಆ ಅರ್ಧ ಗಂಟೆಯನ್ನು ಎಲ್ಲಿಂದ ತರುತ್ತೀರಿ ಎಂಬ ಪ್ರಶ್ನೆಗೆ ಯಾವ ತಜ್ಞರೂ ಉತ್ತರ ಕೊಟ್ಟಿಲ್ಲ.

ಪ್ರಾಥಮಿಕ ಶಾಲಾ ಶಿಕ್ಷಕಿ

ಅದು ನ್ಯಾಯವಾದ ಪ್ರಶ್ನೆ, ನನ್ನ ಬಳಿಯೂ ಪೂರ್ತಿ ಉತ್ತರವಿಲ್ಲ. ಹೆಚ್ಚಿನ ಕೈಗಳಿಲ್ಲದೆ ಆಗುವ ಕೆಲವನ್ನು ಮಾತ್ರ ಹೇಳಬಲ್ಲೆ. ಮಗುವನ್ನು ಮುಂದಿನ ಸಾಲಿಗೆ ತರುವುದು, ಒಮ್ಮೆಗೆ ಒಂದೇ ಸೂಚನೆ ಕೊಟ್ಟು ಅದನ್ನು ಮಗುವಿನ ಬಾಯಿಂದಲೇ ಮತ್ತೊಮ್ಮೆ ಹೇಳಿಸುವುದು, ದಿನದ ಕೆಲಸಗಳ ಕ್ರಮವನ್ನು ಚಿತ್ರಗಳಲ್ಲಿ ಅಂಟಿಸುವುದು, ಬೋರ್ಡಿನಿಂದ ನಕಲು ಮಾಡುವ ಹೊರೆಯನ್ನು ತಗ್ಗಿಸಿ ಮುದ್ರಿತ ಹಾಳೆ ಕೊಡುವುದು, ಮುನ್ಸೂಚನೆಯಿಲ್ಲದೆ ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸದಿರುವುದು. ಕೊನೆಯದಕ್ಕೆ ಸಮಯವೂ ಬೇಡ, ಹಣವೂ ಬೇಡ. ಓದಲು ಹೆದರುವ ಮಗುವಿಗೆ ಬೆಳಗಾದರೆ ಹೊಟ್ಟೆನೋವು ಬರುವುದನ್ನು ನಿಲ್ಲಿಸಲು ಅದೊಂದೇ ಸಾಕಾದದ್ದೂ ಇದೆ.

ಮೂರನೇ ತರಗತಿಯ ತಂದೆ

ಎಲ್ಲರೂ ಓದಿನ ಬಗ್ಗೆಯೇ ಹೇಳುತ್ತಿದ್ದೀರಿ. ನನ್ನ ಮಗಳು ಚೆನ್ನಾಗಿ ಓದುತ್ತಾಳೆ, ಆದರೆ 8ಕ್ಕೆ 5 ಕೂಡಿಸಲು ಇಂದಿಗೂ ಒಂದರಿಂದ ಬೆರಳೆಣಿಸುತ್ತಾಳೆ. 47 ದೊಡ್ಡದೋ 74 ದೊಡ್ಡದೋ ಎಂದರೆ ಊಹಿಸಿ ಹೇಳುತ್ತಾಳೆ. ಮಗ್ಗಿಯನ್ನು ಹತ್ತು ಸಲ ಬರೆಸಿದರೂ ನಿಲ್ಲುವುದಿಲ್ಲ.

ವಿಶೇಷ ಶಿಕ್ಷಕ

ಇದಕ್ಕೆ ಡಿಸ್ಕ್ಯಾಲ್ಕುಲಿಯಾದ, ಅಂದರೆ ಗಣಿತ ಕಲಿಕೆಯ ನ್ಯೂನತೆಯ, ಸಾಧ್ಯತೆಯನ್ನು ಪರಿಶೀಲಿಸಬೇಕು. ಬೆರಳೆಣಿಸುವುದು ತಪ್ಪಲ್ಲ, ಅದನ್ನು ನಿಲ್ಲಿಸಬೇಡಿ. 8ರಿಂದ ಮುಂದಕ್ಕೆ ಎಣಿಸುವ ಬದಲು ಪ್ರತಿ ಸಲವೂ ಒಂದರಿಂದ ಆರಂಭಿಸುವುದು ಸಂಖ್ಯೆಯ ಗಾತ್ರ ಅವಳ ಮನಸ್ಸಿನಲ್ಲಿ ಇನ್ನೂ ನೆಲೆಯೂರಿಲ್ಲ ಎಂಬುದರ ಸೂಚನೆ. ಹಾಗಿರುವಾಗ ಮಗ್ಗಿ ಬರೆಸುವುದು ಅರ್ಥವಿಲ್ಲದ ಪದ್ಯ ಬಾಯಿಪಾಠ ಮಾಡಿಸಿದಂತೆ. ಹತ್ತರ ಕಟ್ಟು ಮತ್ತು ಬಿಡಿ ಕಡ್ಡಿಗಳಿಂದ 47ನ್ನೂ 74ನ್ನೂ ಕಟ್ಟಿಸಿ, ಸಂಖ್ಯಾರೇಖೆಯ ಮೇಲೆ ಎರಡನ್ನೂ ಗುರುತಿಸಲು ಹೇಳಿ, ಅಂಕಿ ಬರೆಯುವುದು ಆಮೇಲೆ. ಗಣಿತದ ಭಯವೂ ಇದೇ ಚಿತ್ರವನ್ನು ತರುತ್ತದೆಯಾದ್ದರಿಂದ ಗಡಿಯಾರ ಮುಂದಿಟ್ಟು ಲೆಕ್ಕ ಮಾಡಿಸುವುದನ್ನು ಸದ್ಯಕ್ಕೆ ಬಿಡಿ.

ಕುತೂಹಲಿ

ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಪ್ರಶ್ನೆಯನ್ನು ಓದಿ ಹೇಳುವವರು, ಬರೆದುಕೊಡುವವರು ಎಂದೆಲ್ಲ ಕೊಟ್ಟರೆ ಉಳಿದ ಮಕ್ಕಳಿಗೆ ಅನ್ಯಾಯವಾಗುವುದಿಲ್ಲವೇ?

ಡಿಸ್ಲೆಕ್ಸಿಯಾ ಇರುವ ಎಂಜಿನಿಯರ್

ದೃಷ್ಟಿದೋಷವಿರುವ ಮಗುವಿನ ಕನ್ನಡಕ ಉಳಿದವರಿಗೆ ಅನ್ಯಾಯವಾಗುವಷ್ಟೇ ಆಗುತ್ತದೆ.

ಕುತೂಹಲಿ

ಅದು ಚಂದದ ಉತ್ತರ, ಪೂರ್ತಿ ಉತ್ತರವಲ್ಲ. ಓದುವ ಸಾಮರ್ಥ್ಯವನ್ನೇ ಅಳೆಯುವ ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಗದ್ಯಭಾಗವನ್ನೂ ಬೇರೆಯವರು ಓದಿ ಹೇಳಿದರೆ ಅಳೆದದ್ದೇನು?

ಚಿಕಿತ್ಸಾ ಮನಃಶಾಸ್ತ್ರಜ್ಞೆ

ಈ ಆಕ್ಷೇಪ ಸರಿಯಾಗಿದೆ. ಪರೀಕ್ಷೆ ಏನನ್ನು ಅಳೆಯಲು ಹೊರಟಿದೆಯೋ ಅದನ್ನು ಮುಟ್ಟದಂತೆ ಸೌಲಭ್ಯ ಕೊಡಬೇಕು. ಗಣಿತದ ಪತ್ರಿಕೆಯಲ್ಲಿ ವಾಕ್ಯರೂಪದ ಲೆಕ್ಕವನ್ನು ಓದಿ ಹೇಳಿದರೆ ಗಣಿತದ ಅಳತೆ ಕೆಡುವುದಿಲ್ಲ, ಇನ್ನೂ ಸ್ವಚ್ಛವಾಗುತ್ತದೆ. ಓದಿನ ಪರೀಕ್ಷೆಯಲ್ಲಿ ಗದ್ಯಭಾಗವನ್ನು ಓದಿ ಹೇಳಿದರೆ ಅದು ಆಲಿಸುವಿಕೆಯ ಪರೀಕ್ಷೆಯಾಗುತ್ತದೆ. ಅಲ್ಲಿ ಹೆಚ್ಚಿನ ಸಮಯ ಕೊಡಬಹುದು, ಓದುವವರನ್ನು ಕೊಡಲಾಗದು. ಬರೆದುಕೊಡುವವರ ವಿಷಯದಲ್ಲಿ ಇನ್ನೊಂದು ತೊಡಕಿದೆ: ಹೇಳಿ ಬರೆಸುವುದು ತಾನೇ ಒಂದು ಕೌಶಲ, ಪರೀಕ್ಷೆಯ ದಿನವೇ ಅಪರಿಚಿತರನ್ನು ಪಕ್ಕದಲ್ಲಿ ಕೂರಿಸಿದರೆ ಮಗು ಸ್ವತಃ ಬರೆಯುವುದಕ್ಕಿಂತ ಕಡಿಮೆ ಬರೆಸುತ್ತದೆ. ಯಾವ ಸೌಲಭ್ಯ ಕೊಟ್ಟರೂ ವರ್ಷದ ಆರಂಭದಿಂದಲೇ ತರಗತಿಯ ಕಿರುಪರೀಕ್ಷೆಗಳಲ್ಲಿ ಅದನ್ನು ಬಳಸಿ ರೂಢಿ ಮಾಡಿಸಬೇಕು.

ಹೆಣ್ಣುಮಗುವಿನ ತಾಯಿ

ಹಾಗಾದರೆ ಆ ಕಿರುಪರೀಕ್ಷೆಗಳಿಗೂ ಸೌಲಭ್ಯ ಬೇಕೆಂದು ಶಾಲೆಗೆ ಬರಹದಲ್ಲೇ ಕೇಳಬೇಕೇ? ನಮ್ಮ ಶಾಲೆಯವರು ವಾರ್ಷಿಕ ಪರೀಕ್ಷೆಗೆ ಮಾತ್ರ ಎನ್ನುತ್ತಿದ್ದಾರೆ.

ಚಿಕಿತ್ಸಾ ಮನಃಶಾಸ್ತ್ರಜ್ಞೆ

ಬರಹದಲ್ಲೇ ಕೇಳಿ, ವರದಿಯ ಶಿಫಾರಸಿನ ಪುಟವನ್ನು ಮಾತ್ರ ಲಗತ್ತಿಸಿ. ಅಂಕಗಳಿರುವ ಪುಟಗಳು ಶಾಲೆಯ ಎಲ್ಲರ ಕೈಗೂ ಹೋಗಬೇಕಾದ ಅಗತ್ಯವಿಲ್ಲ.